ತಡಕ್ಕೆ ಕಾರಣ: ಇತರೆ

ಕಾಯುವುದು ಒಂದು ವಿದ್ಯೆ. ಕೆಲವರಿಗೆ ಅದು ಹುಟ್ಟಿನಿಂದಲೇ ಬಂದಿರುತ್ತದೆ. ನನ್ನ ಭಾವಮೈದುನ ಒಮ್ಮೆ ಅರಸೀಕೆರೆ ಜಂಕ್ಷನ್ನಿನಲ್ಲಿ ನಾಲ್ಕು ಗಂಟೆ ತಡವಾದ ರೈಲಿಗೆ ಕಾದಿದ್ದ. ಕೊನೆಗೆ ರೈಲು ಕಂಡಾಗ, "ಅಯ್ಯೋ, ಬಂದೇ ಬಿಡ್ತಲ್ಲ" ಎಂದು ಬೇಸರದಿಂದ ಇಸ್ಪೀಟೆಲೆಗಳನ್ನು ಜೋಡಿಸಿಟ್ಟನಂತೆ. ನನಗೆ ಆ ವಿದ್ಯೆ ಹತ್ತಲಿಲ್ಲ. ಹಾಲು ಕಾಯುವ ತನಕ ಕಾಯಲಾರದೆ ಉರಿ ಜೋರು ಮಾಡಿ, ಒಲೆಯ ತುಂಬ ಚೆಲ್ಲಿಸಿ ಬೈಸಿಕೊಂಡವನು ನಾನು. ಸೋಫಾದ ಮೇಲೆ ಕುಳಿತಿದ್ದಾಗಲೂ ನನ್ನ ಬಲಗಾಲು ನೆಲವನ್ನು ಒತ್ತುತ್ತಲೇ ಇರುತ್ತದೆ. "ಯಾವೂರಿಗೆ ಹೊರಟ್ರಿ?" ಎಂದು ಹೆಂಡತಿ ಶಾರದಾ ಕೇಳುತ್ತಾಳೆ. ಇಂಥ ನಾನು ವರ್ಷಗಟ್ಟಲೆ ಅನ್ನ ಸಂಪಾದಿಸಿದ್ದು ಬೇರೆಯವರನ್ನು ಕಾಯಿಸಿ ಎಂದರೆ ಯಾರೂ ನಂಬುವುದಿಲ್ಲ. ಆದರೂ ಅದು ನಿಜ.

ಶುರುವಾದದ್ದು ಡೆಟ್ರಾಯಿಟ್‌ನಲ್ಲಿ, ಅರವತ್ತರ ದಶಕದ ಕೊನೆಯಲ್ಲಿ. ನಾನಾಗ ಅಲ್ಲಿ ಸಿವಿಲ್ ಇಂಜಿನಿಯರಿಂಗ್‌ನಲ್ಲಿ ಎಂ.ಎಸ್. ಓದುತ್ತಿದ್ದೆ. ಕಾರುಗಳನ್ನು ಹಡೆದ ಊರು ಅದು; ಹಡೆದ ಮೇಲೆ ಅವನ್ನೆಲ್ಲ ಎಲ್ಲಿ ಆಡಲು ಬಿಡುವುದೆಂದು ತಿಳಿಯದೆ ಒದ್ದಾಡುತ್ತಿತ್ತು. ಒಂದು ಫ್ರೀವೇ ಉದ್ದಕ್ಕೂ ಕ್ಯಾಮೆರಾಗಳನ್ನು ಕೂರಿಸಿ, ಮಬ್ಬು ಬೆಳಕಿನ ಕೋಣೆಯೊಂದರಲ್ಲಿ ಸಾಲಾಗಿ ಟೀವಿಗಳನ್ನಿಟ್ಟು, ಎಲ್ಲಿ ಕಾರು ಕೆಟ್ಟು ನಿಂತಿದೆ, ಎಲ್ಲಿ ಸಾಲು ಬೆಳೆಯುತ್ತಿದೆ ಎಂದು ನೋಡುವ ಪ್ರಯೋಗ ಅಲ್ಲಿ ನಡೆದಿತ್ತು. ನೋಡುವವರಲ್ಲಿ ನಾನೂ ಒಬ್ಬ. ಟೀವಿಗಳು ಹದಿನಾಲ್ಕು ಇದ್ದವೆಂದು ನನ್ನ ನೆನಪು. "ಮದುವೆ ಹೊಸದ್ರಲ್ಲಿ ಹತ್ತು ಅಂದಿದ್ರಿ" ಎನ್ನುತ್ತಾಳೆ ಶಾರದಾ. ಆ ಕಾಲದ ನನ್ನ ದಿನಚರಿಯನ್ನು ತೆಗೆದು ನೋಡಿದರೆ ಅದರಲ್ಲಿ ಟೀವಿಯ ಸಂಖ್ಯೆಯೇ ಇಲ್ಲ. "ಕಣ್ಣು ಉರಿ" ಎಂದಷ್ಟೇ ಇದೆ. ವರ್ಷಕ್ಕೊಂದರಂತೆ ಟೀವಿ ಹೆರುವ ನೆನಪು ನನ್ನದು. ಆದ್ದರಿಂದ ಮುಂದೆ ಹೇಳುವುದರಲ್ಲಿ ದಿನಚರಿಯದ್ದನ್ನು ನಂಬಿ, ನನ್ನದನ್ನು ಸ್ವಲ್ಪ ಸೋಸಿಕೊಳ್ಳಿ.

ಅಲ್ಲಿಂದ ಚಿಕಾಗೋಗೆ ಬಂದೆ. ಇಲ್ಲಿ ಊರಿನ ಪಶ್ಚಿಮಕ್ಕೆ ಹೋಗುವ, ಹಳಬರು ಕಾಂಗ್ರೆಸ್ ಎಂದೇ ಕರೆಯುತ್ತಿದ್ದ ಎಕ್ಸ್‌ಪ್ರೆಸ್‌ವೇಗೆ ಹತ್ತುವ ರ‍್ಯಾಂಪುಗಳಲ್ಲಿ ಕೆಂಪು, ಹಸಿರು ದೀಪ ಇಟ್ಟಿದ್ದರು. ಒಂದು ಹಸಿರಿಗೆ ಒಂದೇ ಕಾರು. ಎಲ್ಲರೂ ಒಟ್ಟಿಗೆ ನುಗ್ಗಿದರೆ ರಸ್ತೆಯೇ ನಿಂತುಬಿಡುತ್ತದೆ, ಒಬ್ಬೊಬ್ಬರನ್ನೇ ಬಿಟ್ಟರೆ ಎಲ್ಲರಿಗೂ ಬೇಗ ಎನ್ನುವುದು ಅದರ ತತ್ವ. ಇದನ್ನು ನನಗೆ ಇಲ್ಲಿನ ಯಾವ ಪ್ರೊಫೆಸರೂ ಕಲಿಸಬೇಕಾಗಿರಲಿಲ್ಲ. ನಮ್ಮ ಮದುವೆ ಮನೆಗಳಲ್ಲಿ ಮೊದಲ ಪಂಕ್ತಿಗೆ ಎಲೆ ಹಾಕಿದ ಕೂಡಲೇ ಊಟದ ಮನೆಯ ಬಾಗಿಲಲ್ಲಿ ಹೆಣ್ಣಿನ ಸೋದರಮಾವ ಎರಡೂ ಕೈ ಅಡ್ಡ ಹಿಡಿದು ನಿಲ್ಲುವುದನ್ನು ನೋಡಿದ್ದೆ. ರ‍್ಯಾಂಪಿನ ದೀಪ ಆ ಸೋದರಮಾವನೇ. ಅವನ ಕೈಯನ್ನು ಎಷ್ಟು ಸೆಕೆಂಡಿಗೊಮ್ಮೆ ಎತ್ತಿಸಬೇಕು ಎಂದು ಲೆಕ್ಕ ಹಾಕುವುದು ನನ್ನ ಕೆಲಸವಾಗಿತ್ತು. ಹಾಕಿದ ಲೆಕ್ಕಕ್ಕೆ ಸಾವಿರಾರು ಜನ ದಿನಾ ಬೆಳಿಗ್ಗೆ ನನ್ನನ್ನು ಬೈಯುತ್ತಿದ್ದರು. ನನ್ನ ಹೆಸರು ಅವರಿಗೆ ಗೊತ್ತಿರಲಿಲ್ಲವೆಂಬುದೊಂದೇ ನೆಮ್ಮದಿ.

ಆದರೆ ಆ ಕೆಲಸ ಹಂಗಾಮಿ. ಎಪ್ಪತ್ನಾಲ್ಕರ ಮಾರ್ಚ್ ಕೊನೆಗೆ ಮುಗಿಯುವುದಿತ್ತು. ಮುಗಿದರೆ ಮತ್ತೆ ಡೆಟ್ರಾಯಿಟ್ ಕಡೆ ಎಲ್ಲಾದರೂ ಹುಡುಕಬೇಕು. ಶಾರದಾಗೆ ಅದೇ ಚಳಿಗಾಲದಲ್ಲಿ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಸಿಕ್ಕಿತ್ತು; ಎರಡು ವರ್ಷ ಅಪ್ಲೈ ಮಾಡಿ ಮಾಡಿ ಸಿಕ್ಕಿದ ಕೆಲಸ. "ನೀವು ಎಲ್ಲಿಗೆ ಬೇಕಾದ್ರೂ ಹೋಗಿ. ನಾನು ಈ ಮೈಕ್ರೋಸ್ಕೋಪ್ ಬಿಟ್ಟು ಬರೋಲ್ಲ" ಎಂದಿದ್ದಳು. ನಗುತ್ತಲೇ ಅಂದಿದ್ದಳು. ದಿನಚರಿಯಲ್ಲಿ ಮಾತ್ರ ಆ ವಾಕ್ಯದ ಕೆಳಗೆ ಎರಡು ಗೆರೆ ಎಳೆದಿದ್ದೇನೆ.

ಆ ಚಳಿಗಾಲ ಪೆಟ್ರೋಲಿಗೆ ಬರ. ಬಂಕುಗಳ ಮುಂದೆ ಕಾರುಗಳು ಬೀದಿ ಸುತ್ತಿ ನಿಂತಿರುತ್ತಿದ್ದವು. ಸರ್ಕಾರ ಗಡಿಯಾರವನ್ನೇ ಒಂದು ಗಂಟೆ ಮುಂದಕ್ಕೆ ತಳ್ಳಿ, ಜನವರಿಯ ಬೆಳಗನ್ನು ಕಗ್ಗತ್ತಲು ಮಾಡಿತ್ತು. ಪ್ರತಿ ಕಚೇರಿಯಲ್ಲೂ ಕಾರ್‌ಪೂಲ್ ಮಾತು: ಮೂರು ಜನ ಮೂರು ಕಾರಿನಲ್ಲಿ ಯಾಕೆ, ಒಂದರಲ್ಲಿ ಬನ್ನಿ. ನನ್ನ ಮೇಲಧಿಕಾರಿ ಡೇಲ್ ಎಂಬಾತ ನನ್ನನ್ನು ಕರೆದ. ಆರಡಿ ಮೂರಂಗುಲದ, ಮೆತ್ತಗೆ ಮಾತಾಡುವ ಮನುಷ್ಯ. ಆರು ವಾರಗಳ ಒಂದು ಪ್ರಯೋಗ, ಬೇರೆ ಬೇರೆ ಊರಿನಿಂದ ಎಂಟು ಕಾರ್‌ಪೂಲುಗಳು, ಒಂದನ್ನು ನೀನೇ ನಡೆಸು, ಪ್ರತಿದಿನ ಹೊರಟ, ತಲುಪಿದ ಹೊತ್ತಿನ ಲಾಗ್ ಬರೆ, ಕೊನೆಯ ಗುರುವಾರ ಸಮಿತಿಯ ಮುಂದೆ ಎಂಟರದ್ದೂ ವರದಿ ಒಪ್ಪಿಸು ಎಂದ. ಆಮೇಲೆ ಕಿಟಕಿಯ ಕಡೆ ನೋಡುತ್ತ, ನಿನ್ನ ಕೆಲಸ ಖಾಯಂ ಮಾಡುವವರೂ ಅದೇ ಸಮಿತಿ ಎಂದು ಸೇರಿಸಿದ. ನನ್ನ ಬಲಗಾಲು ಅವನ ಕಾರ್ಪೆಟ್ಟನ್ನು ಒತ್ತತೊಡಗಿತು.

ನನ್ನ ಪೂಲಿಗೆ ಜನ ಸಿದ್ಧವಾಗಿಯೇ ಇದ್ದರು. ನಾವಿದ್ದದ್ದು ಗ್ಲೆಂಡೇಲ್ ಹೈಟ್ಸ್‌ನಲ್ಲಿ. ನಗರದ ಕಡೆ ಬರುವಾಗ ಮೊದಲು ಸಿಗುವ ಲೊಂಬಾರ್ಡ್‌ನಲ್ಲಿ ಧಾರವಾಡದ ಡಾಕ್ಟರ್ ಪಾಟೀಲರು, ನಗರದ ಒಂದು ಆಸ್ಪತ್ರೆಯಲ್ಲಿ ಪೆಥಾಲಜಿಸ್ಟ್. ಇನ್ನೂ ಮುಂದೆ ಎಲ್ಮ್‌ಹರ್ಸ್ಟ್‌ನಲ್ಲಿ ಮೈಸೂರಿನ ಶ್ರೀಕಂಠಯ್ಯ, ಕಟ್ಟಡಗಳ ನಕ್ಷೆ ಬರೆಯುವವರು. ಇಬ್ಬರೂ ಒಬ್ಬೊಬ್ಬರೇ ಡ್ರೈವ್ ಮಾಡಿಕೊಂಡು ಹೋಗುತ್ತಿದ್ದವರು, ಇಬ್ಬರೂ ಮಿತಭಾಷಿಗಳು, ಇಬ್ಬರೂ ಸಿಗರೇಟು ಸೇದುವುದಿಲ್ಲ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಪೂಲ್ ಇರಲಾರದು. ಲಾಗ್ ಸರಿಯಾಗಿರಲೆಂದು ಆರು ವಾರವೂ ನನ್ನದೇ ಕಾರು. ಆರೂ ಮುಕ್ಕಾಲಿಗೆ ಪಾಟೀಲರು, ಏಳಕ್ಕೆ ಶ್ರೀಕಂಠಯ್ಯ. ಮನೆಯ ಮುಂದೆ ನಿಂತಿರಬೇಕು, ನಾನು ಒಂದು ಸಣ್ಣ ಹಾರ್ನ್ ಹೊಡೆಯಬೇಕು, ಅವರು ಹತ್ತಬೇಕು. ಅಮೆರಿಕಾದವರು ಹೀಗೇ ಮಾಡುತ್ತಿದ್ದರು.

ಮೊದಲ ಸೋಮವಾರ ಕತ್ತಲಲ್ಲಿ ಪಾಟೀಲರ ಮನೆಯ ಮುಂದೆ ನಿಲ್ಲಿಸಿ ಹಾರ್ನ್ ಹೊಡೆದೆ. ಬಾಗಿಲು ತೆರೆಯಿತು. ಬಂದವರು ಪಾಟೀಲರಲ್ಲ; ಸೀರೆಯ ಮೇಲೆ ಗಂಡನ ಓವರ್‌ಕೋಟು ಹಾಕಿಕೊಂಡು, ಹಿಮ ತುಳಿಯುತ್ತ ಬಂದ ಅವರ ಹೆಂಡತಿ ಗಿರಿಜಾಬಾಯಿ. ಕಿಟಕಿ ಬಡಿದರು. ಇಳಿಸಿದೆ.

"ಹಾರ್ನ್ ಹೊಡ್ಯಾಕ ನೀವೇನು ಟ್ಯಾಕ್ಸಿ ಅವರೇನ್ರಿ? ಇಂಥಾ ಥಂಡ್ಯಾಗ ಮನಿ ಮುಂದ ನಿಂತು ಹಂಗ ಹೋಗ್ತೀರಿ? ಇಳೀರಿ ಮೊದ್ಲ."

"ಇಲ್ಲ ಗಿರಿಜಾಬಾಯಿಯವ್ರೇ, ಇದು ಆಫೀಸಿನ ಪ್ರಯೋಗ, ಟೈಮ್ ಬರೀಬೇಕು..."

"ಬರ್ಕೋರಿ. ಯಾರ್ ಬ್ಯಾಡ ಅಂದ್ರು? ಚಹಾ ಕುಡ್ಕೋತ ಬರ್ಕೋರಿ."

ಒಳಗೆ ಪಾಟೀಲರು ಟೈ ಕಟ್ಟಿ, ಅಪರಾಧಿಯ ಮುಖ ಮಾಡಿಕೊಂಡು ಕುಳಿತಿದ್ದರು. ಚಹಾ ಬಂತು. ಚಹಾದ ಹಿಂದೆ ಒಗ್ಗರಣೆ ಅವಲಕ್ಕಿ ಬಂತು. ನಾನು ಸೋಫಾದ ಅಂಚಿನಲ್ಲಿ ಕುಳಿತು ನಾಲಿಗೆ ಸುಟ್ಟುಕೊಂಡು ಕುಡಿದು, ಇಪ್ಪತ್ತು ನಿಮಿಷ ಕಳೆದು ಎದ್ದೆ. ಎಲ್ಮ್‌ಹರ್ಸ್ಟ್‌ಗೆ ಹೋದರೆ ಶ್ರೀಕಂಠಯ್ಯನವರು ಬಾಗಿಲಲ್ಲೇ ನಿಂತಿದ್ದರು. ಅವರ ಹಿಂದೆ ಅವರ ಹೆಂಡತಿ ಲಲಿತಾ.

"ಬನ್ನಿ, ಕಾಫಿ ಇಳಿಸಿದೀನಿ."

"ಈಗ ತಾನೇ ಪಾಟೀಲರ ಮನೇಲಿ ಆಯ್ತಮ್ಮ."

ಈ ಮಾತನ್ನು ನಾನು ಆಡಬಾರದಾಗಿತ್ತು. ಇಂಜಿನಿಯರಿಂಗ್‌ನಲ್ಲಿ ಇದನ್ನು ಮೂಲಭೂತ ದೋಷ ಎನ್ನುತ್ತಾರೆ.

"ಓಹೋ" ಎಂದರು ಲಲಿತಾ, ಮೆತ್ತಗೆ. "ಅಲ್ಲಾದ್ರೆ ಟೈಮ್ ಇತ್ತು. ನಮ್ಮನೇಲಿ ಮಾತ್ರ ಇಲ್ಲ. ಇರ್ಲಿ ಬಿಡಿ. ಮೈಸೂರಿಂದ ಪುಡಿ ಪಾರ್ಸಲ್ ಬಂದಿತ್ತು, ಅದಕ್ಕೇ ಕೇಳಿದೆ."

ಮೂವರೂ ಬೂಟು ಬಿಚ್ಚಿದೆವು. ಹಿಮದ ಬೂಟನ್ನು ಬಿಚ್ಚಿ ಮತ್ತೆ ಕಟ್ಟಲು ಹಿಡಿಯುವ ಕಾಲವನ್ನು ಯಾವ ಸಾರಿಗೆ ಶಾಸ್ತ್ರವೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಲಾಗ್ ಪುಸ್ತಕದಲ್ಲಿ "ತಡಕ್ಕೆ ಕಾರಣ" ಎಂದು ಒಂದು ಕಾಲಮ್ಮು. ಹವಾಮಾನ, ಅಪಘಾತ, ರ‍್ಯಾಂಪಿನ ಸಾಲು, ವಾಹನ ದೋಷ, ಇತರೆ. ಐದರಲ್ಲಿ ಒಂದಕ್ಕೆ ಗುರುತು ಹಾಕಬೇಕು. ನಾನು ಇತರೆಗೆ ಹಾಕಿದೆ. ಮಂಗಳವಾರವೂ ಇತರೆ. ಬುಧವಾರ ಗಿರಿಜಾಬಾಯಿಯವರಿಗೆ ಲಲಿತಾ ಅವರ ಉಪ್ಪಿಟ್ಟಿನ ಸುದ್ದಿ ಫೋನಿನಲ್ಲಿ ಮುಟ್ಟಿ, ಗುರುವಾರ ಥಾಲಿಪೆಟ್ಟು ಬಂತು. ಥಾಲಿಪೆಟ್ಟಿನ ಸುದ್ದಿ ಮುಟ್ಟಿ ಶುಕ್ರವಾರ ಅಕ್ಕಿ ರೊಟ್ಟಿ. ಮೂರನೆಯ ವಾರದ ಹೊತ್ತಿಗೆ ಮನೆಯಿಂದ ಕಚೇರಿಗೆ ಎರಡು ಗಂಟೆ. ಒಬ್ಬನೇ ಹೋದಾಗ ಒಂದು ಗಂಟೆ ಐದು ನಿಮಿಷ ಹಿಡಿಯುತ್ತಿತ್ತು. ಡೇಲ್ ಲಾಗ್ ತಿರುಗಿಸಿ ನೋಡಿ, ಈ ಇತರೆ ಏನು ಎಂದು ಕೇಳಿದ. "ಸಾಂಸ್ಕೃತಿಕ" ಎಂದೆ. ಅವನು ಗಂಭೀರವಾಗಿ ತಲೆಯಾಡಿಸಿದ. ಪ್ರಾರ್ಥನೆ ಎಂದುಕೊಂಡನೋ ಏನೋ.

ನಾನು ಸುಮ್ಮನೆ ಕೂರುವವನಲ್ಲ. ದಟ್ಟಣೆ ನಿವಾರಿಸುವುದೇ ನನ್ನ ಕಸುಬು. ಒಂದು ಶನಿವಾರ ಎರಡೂ ದಂಪತಿಗಳನ್ನು ಮನೆಗೆ ಕರೆದು, ಗ್ರಾಫ್ ಕಾಗದದ ಮೇಲೆ ಬರೆದು ತೋರಿಸಿದೆ. ಸೋಮ, ಬುಧ ಪಾಟೀಲರ ಮನೆ. ಮಂಗಳ, ಗುರು ಶ್ರೀಕಂಠಯ್ಯನವರ ಮನೆ. ಶುಕ್ರವಾರ ಎಲ್ಲೂ ಇಲ್ಲ. ಒಂದು ಹಸಿರಿಗೆ ಒಂದೇ ಕಾಫಿ.

"ಅಂದ್ರೆ ಸೋಮವಾರ ನಮ್ಮನೆ ಮುಂದೆ ಕೆಂಪು ದೀಪ" ಎಂದರು ಲಲಿತಾ.

"ಹಾಗಲ್ಲಮ್ಮ, ವ್ಯವಸ್ಥೆ..."

"ಮನಿ ಮುಂದ ಬಂದವ್ರನ್ನ ವಾರ ನೋಡಿ ಒಳಗ ಕರೀಬೇಕೇನ್ರಿ?" ಎಂದರು ಗಿರಿಜಾಬಾಯಿ. ಇಷ್ಟು ದಿನ ಫೋನಿನಲ್ಲೇ ಪೈಪೋಟಿ ನಡೆಸಿದ ಇಬ್ಬರೂ ಅಂದು ನನ್ನ ವಿರುದ್ಧ ಒಂದಾದರು. ಅದನ್ನು ಬೇಕಾದರೆ ನನ್ನ ಯೋಜನೆಯ ಫಲ ಎನ್ನಬಹುದು. ಗಂಡಂದಿರಿಬ್ಬರೂ ಗ್ರಾಫ್ ಕಾಗದದಲ್ಲಿ ಏನನ್ನೋ ಹುಡುಕುತ್ತಿದ್ದರು. ಅವರು ಹೋದ ಮೇಲೆ ಶಾರದಾ ಪಾತ್ರೆ ತೊಳೆಯುತ್ತ ಹೇಳಿದಳು: "ದಿನಾ ಅವರ ಮನೆ ರೊಟ್ಟಿ, ಇವರ ಮನೆ ಉಪ್ಪಿಟ್ಟು ಅಂತ ವರದಿ ಒಪ್ಪಿಸ್ತೀರಿ. ಬೆಳಿಗ್ಗೆ ಒಂದು ದಿನ ನಮ್ಮ ಮನೆಗೆ ಯಾರಾದ್ರೂ ಬಂದಿದಾರಾ? ಕಾರು ಇಲ್ಲಿಂದ ಹೊರಡುತ್ತೆ ಅಷ್ಟೆ. ಗ್ಯಾರೇಜ್ ಆಗ್ಹೋಗಿದೆ ನಮ್ಮನೆ."

ಅವಳು ಹೇಳಿದ್ದು ತಮಾಷೆಗೆ ಎಂದು ನಾನು ಬಹಳ ವರ್ಷ ಅಂದುಕೊಂಡಿದ್ದೆ.

ಆರನೆಯ ವಾರದ ಗುರುವಾರ ಬಂತು. ಸಮಿತಿ ಸೇರುವುದು ಒಂಬತ್ತೂವರೆಗೆ. ಹಿಂದಿನ ದಿನವೇ ಎಲ್ಲರಿಗೂ ಕೈಮುಗಿದು ಹೇಳಿದ್ದೆ: ನಾಳೆ ನನ್ನ ಕೆಲಸದ ಪ್ರಶ್ನೆ, ನಾಳೆ ಒಂದು ದಿನ ಯಾರೂ ಒಳಗೆ ಕರೆಯಬೇಡಿ. ಗಿರಿಜಾಬಾಯಿಯವರು ಒಳಗೆ ಕರೆಯಲಿಲ್ಲ. ಕಿಟಕಿಯಿಂದ ಒಳ್ಳೆಯದಾಗಲಿ ಎಂದು ಕೈ ಎತ್ತಿದರು. ಪಾಟೀಲರು ರಸ್ತೆಯ ಬದಿಯಲ್ಲೇ ನಿಂತಿದ್ದರು. ಎಲ್ಮ್‌ಹರ್ಸ್ಟ್‌ನಲ್ಲಿ ಶ್ರೀಕಂಠಯ್ಯನವರೂ ನಿಂತಿದ್ದರು. ಏಳಕ್ಕೆ ಎರಡು ನಿಮಿಷ ಮೊದಲೇ ಮೂವರೂ ಕಾರಿನಲ್ಲಿದ್ದೆವು. ಆರು ವಾರಗಳಲ್ಲಿ ಅದೇ ಮೊದಲು. ನನಗೆ ಎಷ್ಟು ಸಂತೋಷವಾಯಿತೆಂದರೆ, ಸಮಿತಿಗೆ ಏನೇನು ತೋರಿಸಬೇಕೆಂದು ಅವರಿಬ್ಬರಿಗೂ ವಿವರಿಸಲು ಹಿಂದಿನ ಸೀಟಿಗೆ ಕೈ ಚಾಚಿದೆ. ನಕ್ಷೆಗಳ ಸುರುಳಿ ಅಲ್ಲಿ ಇರಲಿಲ್ಲ. ಅದು ನನ್ನ ಮನೆಯ ಊಟದ ಮೇಜಿನ ಮೇಲಿತ್ತು.

ಹಿಂದಕ್ಕೆ ತಿರುಗಿಸಿದೆ. ಏಳೂವರೆಗೆ ಮತ್ತೆ ಗ್ಲೆಂಡೇಲ್ ಹೈಟ್ಸ್. ಇನ್ನೂ ಸಾಕಷ್ಟು ಹೊತ್ತಿತ್ತು. ಸುರುಳಿ ಎತ್ತಿಕೊಂಡು ಓಡಿಬಂದರೆ ಮುಗಿಯಿತು. ಇಲ್ಲಿಯವರೆಗೆ ನನ್ನ ನೆನಪೂ ದಿನಚರಿಯೂ ಒಂದೇ ಹೇಳುತ್ತವೆ. ಇಲ್ಲಿಂದ ಮುಂದಿನದನ್ನು ನಾನು ಇಪ್ಪತ್ತು ಮನೆಯ ಊಟಗಳಲ್ಲಿ ಹೇಳಿದ್ದೇನೆ. ಹೇಳಿದಾಗಲೆಲ್ಲ ಶಾರದಾ ಬಾಗಿಲಿಗೆ ಬಂದು, ಹೊರಟವರು ಹಿಂದಕ್ಕೆ ಬಂದರೆ ಕೂತು ನೀರು ಕುಡಿದೇ ಹೋಗಬೇಕು ಎಂದು ಹಟ ಹಿಡಿದಳು ಎಂದೇ ಹೇಳಿದ್ದೇನೆ. ಜನ ನಗುತ್ತಾರೆ. ಶಾರದಾ ನಗುವುದಿಲ್ಲ, ತಿದ್ದುವುದೂ ಇಲ್ಲ. ಇದನ್ನು ಬರೆಯಲೆಂದು ಮೊನ್ನೆ ಆ ದಿನದ ಪುಟ ತೆಗೆದೆ. ಶಾರದಾ ಒಳಗೆ ಡ್ಯೂಟಿಗೆ ಹೊರಡಲು ಕೋಟು ಹಾಕಿಕೊಳ್ಳುತ್ತಿದ್ದಳು ಎಂದಿದೆ. ಸುರುಳಿಯನ್ನು ಅವಳೇ ಬಾಗಿಲಿಗೆ ತಂದುಕೊಟ್ಟಳು ಎಂದಿದೆ. ಆಮೇಲೆ ನನ್ನದೇ ಅಕ್ಷರದಲ್ಲಿ: "ಕಾರಿನ ಕಡೆ ತಿರುಗಿ, ಬನ್ನಿ ಒಳಗೆ, ಹಾಗೇ ಹೋದರೆ ಏನು ಚೆನ್ನ, ಎಂದೆ. ಯಾಕೆ ಅಂದೆನೋ ತಿಳಿಯದು."

ಹೌದು, ನಾನೇ ಅಂದದ್ದು. ಮನೆ ಬಾಗಿಲಲ್ಲಿ ಇಬ್ಬರನ್ನು ಚಳಿಯಲ್ಲಿ ಕೂರಿಸಿ ಹೋಗಲು ಮನಸ್ಸು ಬರಲಿಲ್ಲವೋ, ಅಥವಾ ಬಾಗಿಲಲ್ಲಿ ನಿಂತಿದ್ದವಳ ಮುಖದಲ್ಲಿ ಏನಾದರೂ ಕಂಡೆನೋ, ದಿನಚರಿಯಲ್ಲೇ ಇಲ್ಲದ್ದನ್ನು ಈಗ ಹೇಗೆ ಹೇಳಲಿ? ಬೂಟುಗಳನ್ನು ಬಿಚ್ಚಿದ್ದಾಯಿತು. ಶಾರದಾ ಕೋಟು ತೆಗೆದಿಟ್ಟು ಆಸ್ಪತ್ರೆಗೆ ಫೋನ್ ಮಾಡಿ, "ಒಂದು ಗಂಟೆ ಲೇಟ್ ಆಗುತ್ತೆ, ಮನೆಗೆ ನೆಂಟರು ಬಂದಿದಾರೆ" ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಹಿಂದಿನ ರಾತ್ರಿಯ ದೋಸೆ ಹಿಟ್ಟಿತ್ತು. ಕಾವಲಿ ಇಟ್ಟಳು.

"ನಾಕು ಸಾಕ್ರಿ ತಂಗಿ" ಎಂದರು ಪಾಟೀಲರು.

"ಆರು ವಾರದ್ದು ಬಾಕಿ ಇದೆ, ಸುಮ್ನೆ ತಿನ್ನಿ ಅಣ್ಣಾ" ಎಂದಳು ಶಾರದಾ.

ಎಂಟೂ ಮುಕ್ಕಾಲಿಗೆ ರ‍್ಯಾಂಪಿನ ಬುಡಕ್ಕೆ ಬಂದರೆ ನಮ್ಮ ಮುಂದೆ ಮೂವತ್ತು ಕಾರು. ಮೇಲೆ ದೀಪ. ಹಸಿರು, ಒಂದು ಕಾರು, ಕೆಂಪು, ಕೆಂಪು, ಇನ್ನೂ ಕೆಂಪು. ನನ್ನ ಬಲಗಾಲು ಬ್ರೇಕು ಬಿಟ್ಟು ಆಕ್ಸಿಲರೇಟರಿನ ಕಡೆ ಸರಿಯುತ್ತಲೇ ಇತ್ತು.

"ಇಂಜಿನಿಯರ್ ಸಾಹೇಬ್ರ, ಇದು ನೀವ ಹಚ್ಚಿದ ದೀಪ ಏನ್ರಿ?" ಪಾಟೀಲರು ಹಿಂದಿನಿಂದ ಕೇಳಿದರು.

"ಸೆಕೆಂಡು ಲೆಕ್ಕ ನನ್ನದು."

"ಭಾಳ ಛೊಲೋ ಲೆಕ್ಕ. ಒಂದೀಟು ತಪ್ಪಿದ್ರ ನಡೀತಿತ್ತು."

"ಹಾಗನ್ನಬೇಡಿ, ಡಾಕ್ಟ್ರೇ" ಎಂದರು ಶ್ರೀಕಂಠಯ್ಯ. "ಸರಿಯಾಗೇ ಕೆಲಸ ಮಾಡ್ತಿದೆ. ಅದೇ ತೊಂದ್ರೆ."

ಹತ್ತಕ್ಕೆ ಹತ್ತು ನಿಮಿಷವಿದ್ದಾಗ ನಾನು ಸಮಿತಿಯ ಕೋಣೆಗೆ ಹೋದೆ. ಉದ್ದನೆಯ ಮೇಜು, ಐದು ಜನ, ಮೂಲೆಯಲ್ಲಿ ನೆಲ ನೋಡುತ್ತ ಡೇಲ್. ನನ್ನ ಲಾಗ್ ಅಧ್ಯಕ್ಷರ ಮುಂದೆ ತೆರೆದಿತ್ತು. ಅವರು ಕನ್ನಡಕವನ್ನು ಹಣೆಗೇರಿಸಿ, ಕಾರ್‌ಪೂಲ್ ಬಗ್ಗೆ ಮಾತಾಡಲು ಬಂದವರೇ ಇಪ್ಪತ್ತು ನಿಮಿಷ ತಡವಾಗಿ ಬಂದಿರಿ, ಕಾರಣ ಕೇಳಬಹುದೇ ಎಂದರು. ಅಷ್ಟೂ ದಾರಿ ನಾನು ಅಪಘಾತ, ಹಿಮ, ಟೈರು ಎಂದೆಲ್ಲ ಸುಳ್ಳುಗಳನ್ನು ಜೋಡಿಸಿಕೊಂಡು ಬಂದಿದ್ದೆ. ಬಾಯಿ ತೆರೆದರೆ ಬಂದದ್ದು, "ಇತರೆ."

ಈ ಇತರೆ ಎಂದರೆ ಏನು ಎಂದು ಅವರು ಮತ್ತೆ ಕೇಳಿದರು. ಹೇಳಿದೆ. ಚಹಾ, ಕಾಫಿ, ಥಾಲಿಪೆಟ್ಟು, ಹಿಮದ ಬೂಟು, ಎಲ್ಲವನ್ನೂ ಹೇಳಿದೆ. ನಮ್ಮಲ್ಲಿ ಬಾಗಿಲಿಗೆ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸುವುದಿಲ್ಲ ಎಂದೆ. ಹಾಗಾದರೆ ಈ ಇಬ್ಬರು ಸವಾರರು ಆರು ವಾರವೂ ತಡವಾಗಿಯೇ ಹೋದರೇ ಎಂದು ಕೇಳಿದರು. ಹೌದು ಎಂದೆ. ಆದರೂ ಯಾಕೆ ಬಿಡಲಿಲ್ಲ? ಆ ಪ್ರಶ್ನೆ ನನಗೇ ಹೊಳೆದಿರಲಿಲ್ಲ. "ಬಿಟ್ಟರೆ ಆ ಮನೆಯಾಕೆಗೆ ಏನೆಂದು ಹೇಳುವುದು, ಸರ್?" ಎಂದೆ.

ಅಧ್ಯಕ್ಷರು ಉಳಿದ ಏಳು ಲಾಗುಗಳನ್ನು ತಿರುಗಿಸಿದರು. ಒಂದು ಪೂಲು ಎರಡನೆಯ ವಾರ ಸಿಗಾರಿನ ಹೊಗೆಯಿಂದ ಒಡೆದಿತ್ತು. ಒಂದು ರೇಡಿಯೋ ಸ್ಟೇಷನ್ ಯಾವುದಿರಬೇಕೆಂಬ ಜಗಳದಿಂದ. ಒಂದರಲ್ಲಿ ಒಬ್ಬ ನಾಲ್ಕು ನಿಮಿಷ ಕಾಯಿಸಿದನೆಂದು ಇನ್ನೊಬ್ಬ ಹಾರ್ನ್ ಹೊಡೆದು, ಬಿಟ್ಟೇ ಹೋಗಿದ್ದ. ಏಳರಲ್ಲಿ ಆರನೆಯ ವಾರದ ತನಕ ಬದುಕಿದ್ದು ಒಂದೂ ಇಲ್ಲ. ದಿನಾ ಒಂದು ಗಂಟೆ ತಡವಾಗುತ್ತಲೇ ಉಳಿದದ್ದು ನಮ್ಮದೊಂದೇ. ಆಗ ಎಲ್ಲರೂ ಚಪ್ಪಾಳೆ ತಟ್ಟಿದರೆಂದು ನನ್ನ ನೆನಪು. "ಯಾರೋ ಕೆಮ್ಮಿದರು" ಎಂದಿದೆ ದಿನಚರಿ. ನಕ್ಷೆಗಳ ಸುರುಳಿಯನ್ನು ಬಿಚ್ಚಿ ತೋರಿಸಿ ಎಂದು ಯಾರೂ ಕೇಳಲಿಲ್ಲ.

ಎರಡು ವಾರದ ಮೇಲೆ ಪತ್ರ ಬಂತು. ಕೆಲಸ ಖಾಯಂ. ಕಾರ್‌ಪೂಲ್ ಪ್ರಚಾರಕ್ಕೆ ಹೊಸ ವಿಭಾಗ, ಅದಕ್ಕೆ ನಾನೇ ಹೊಣೆ. ಶಾರದಾ ಪತ್ರವನ್ನು ಎರಡು ಸಲ ಓದಿ, ಲ್ಯಾಬಿನ ಬಿಳಿ ಕೋಟನ್ನು ಇಸ್ತ್ರಿ ಮಾಡಲು ಕುಳಿತಳು. ಹೊಸ ವಿಭಾಗದಲ್ಲಿ ದಿನಾ ಬೆಳಿಗ್ಗೆ ಎಂಟಕ್ಕೆ ಮೀಟಿಂಗು. ಖಾಯಂ ಆದವನು ತಡವಾಗಿ ಹೋಗಬಹುದೇ? ಪಾಟೀಲರಿಗೆ ಫೋನ್ ಮಾಡಿ, ಪ್ರಯೋಗ ಮುಗಿಯಿತು, ಇನ್ನು ನಾನು ಒಬ್ಬನೇ ಬೇಗ ಹೋಗಬೇಕಾಗುತ್ತದೆ ಎಂದು ನೂರು ಕ್ಷಮೆ ಕೇಳಿ ಹೇಳಿದೆ. "ಇರ್ಲಿ ಬಿಡ್ರಿ. ಕಾರ್‌ಪೂಲ್ ಸಾಹೇಬ್ರಿಗೆ ಕಾರ್‌ಪೂಲ್ ಮಾಡಾಕ ಪುರಸೊತ್ತೆಲ್ಲಿ?" ಎಂದರು. ಅವರೂ ಶ್ರೀಕಂಠಯ್ಯನವರೂ ಮಾತ್ರ ಬಿಡಲಿಲ್ಲ. ಪಾಟೀಲರ ಹಸಿರು ಕಾರಿನಲ್ಲಿ ಇಬ್ಬರೂ ಹೋಗುತ್ತಲೇ ಇದ್ದರು. ಅಷ್ಟೇ ತಡವಾಗಿ.

ಏಪ್ರಿಲ್‌ನ ಒಂದು ಬೆಳಿಗ್ಗೆ ನನಗೇ ಏಳಲು ತಡವಾಗಿ ರ‍್ಯಾಂಪಿಗೆ ಬಂದರೆ ಮುಂದೆಯೇ ಆ ಹಸಿರು ಕಾರು. ಶ್ರೀಕಂಠಯ್ಯ ತಿರುಗಿ ನೋಡಿ, ಕೈಯಲ್ಲಿದ್ದ ಏನನ್ನೋ ತಿನ್ನುತ್ತ, ಬಾ ಎಂಬಂತೆ ತಲೆಯಾಡಿಸಿದರು. ರ‍್ಯಾಂಪಿನ ಬದಿಯಲ್ಲಿ ನಮ್ಮ ಕಚೇರಿಯ ಎಣಿಕೆಗಾರನೊಬ್ಬ ಹಲಗೆ ಹಿಡಿದು ನಿಂತಿದ್ದ. ಯಾವ ಕಾರಿನಲ್ಲಿ ಎಷ್ಟು ಜನ ಎಂದು ತಲೆ ಎಣಿಸಿ ಬರೆಯುವುದು ಅವನ ಕೆಲಸ; ಅವನನ್ನು ಅಲ್ಲಿ ನಿಲ್ಲಿಸಿದವನು ನಾನೇ. ಹಸಿರು ಕಾರಿನೊಳಗೆ ಬಗ್ಗಿ ನೋಡಿ ಅವನು ಎರಡು ಎಂದು ಬರೆದದ್ದು ಕಂಡಿತು. ಹಸಿರು ಬಿತ್ತು, ಅವರು ಹೋದರು. ಕೆಂಪು. ಅವನು ನನ್ನ ಕಾರಿನ ಕಡೆ ಬರತೊಡಗಿದ. ನಾನು ಯೋಚನೆ ಮಾಡಲಿಲ್ಲ. ಏನೋ ಬಿದ್ದಿದೆ ಎಂಬಂತೆ ಸ್ಟೀರಿಂಗಿನ ಕೆಳಗೆ ಪೂರ್ತಿ ಬಗ್ಗಿದೆ, ಹಿಂದಿನವನು ಹಾರ್ನ್ ಹೊಡೆಯುವ ತನಕ ಬಗ್ಗಿಯೇ ಇದ್ದೆ.

ಮಧ್ಯಾಹ್ನ ಆ ಪಟ್ಟಿ ಪರಿಶೀಲನೆಗೆಂದು ನನ್ನ ಮೇಜಿಗೆ ಬಂತು. ಬೆಳಿಗ್ಗೆ ಎಂಟು ಗಂಟೆ ಹನ್ನೆರಡು ನಿಮಿಷ: ಕಾರು ಒಂದು, ಜನ ಎರಡು. ಅದರ ಕೆಳಗಿನ ಸಾಲು: ಕಾರು ಒಂದು, ಜನ ಸೊನ್ನೆ. ಎಣಿಕೆಗಾರ ಪ್ರಾಮಾಣಿಕ, ಕಂಡದ್ದನ್ನೇ ಬರೆದಿದ್ದ. ನಾನು ಸರಿಯಾಗಿದೆ ಎಂದು ಸಹಿ ಹಾಕಿದೆ.